ಒತ್ತಿಲ್ಲದ ಕನ್ನಡದಲ್ಲಿ ಒಂದು ಹರಿಗೋಲು

ಕಳೆದ ವರ್ಷ ದೀಪಾವಳಿಗೆ ಮುಂಚಿನ ಭಾನುವಾರ ಗಂಗಾವತಿಯ ಟಿ.ವಿ. ರಿಪೇರಿ ಅಂಗಡಿಯೊಂದರ ಮಹಡಿಯ ಕೋಣೆಗೆ ಮೈದುನನ ಹಿಂದೆ ಹೋದಾಗ, ಅಲ್ಲಿ ನನ್ನಿಂದ ಏನು ಕೆಲಸ ಆಗಬೇಕಿದೆ ಎಂಬುದು ನನಗೆ ಸರಿಯಾಗಿ ತಿಳಿದಿರಲಿಲ್ಲ. ಅಕ್ಕಿ ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವಳು ನಾನು. ಕಂಪ್ಯೂಟರಿನಲ್ಲಿ ಚೀಲ, ಕ್ವಿಂಟಲ್, ರೂಪಾಯಿಗಳ ಆಚೆಗೆ ಹೋದವಳಲ್ಲ. "ವೈನಿ, ನೀವು ಎಳಿ ಎಣಿಸಿ ಕಸೂತಿ ಹಾಕ್ತೀರಲ್ಲ, ಇದೂ ಹಂಗ ಎಣಿಸೂ ಕೆಲಸರಿ" ಎಂದಷ್ಟೇ ಅವನು ಹೇಳಿದ್ದ.

ಕೋಣೆಯಲ್ಲಿ ಇನ್ನಿಬ್ಬರಿದ್ದರು. ಒಬ್ಬರು ಕೆಳಗಿನ ಅಂಗಡಿಯ ಯಜಮಾನರು, ಇನ್ನೊಬ್ಬರು ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವರು. ಮೂವರೂ ಸೇರಿ ಹಳೆಯ ಕ್ಯಾಸೆಟ್ ವಿಡಿಯೋ ಗೇಮಿಗೆ ಹೊಸದೊಂದು ಆಟ ತಯಾರಿಸುತ್ತಿದ್ದರು. ಜಪಾನಿನ ನಿಂಟೆಂಡೋ ಕಂಪನಿ 1983ರ ಜುಲೈ 15ರಂದು ಮಾರುಕಟ್ಟೆಗೆ ತಂದ ಫ್ಯಾಮಿಕಾಮ್ ಎಂಬ ಯಂತ್ರದ ನಕಲುಗಳೇ ನಮ್ಮ ಊರುಗಳಿಗೆ ಬಂದ ಆ ಪೆಟ್ಟಿಗೆಗಳು. ಬೇಸಿಗೆ ರಜೆಯಲ್ಲಿ ನನ್ನ ಅಣ್ಣಂದಿರು ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಸಿಕ್ಕಿಸುತ್ತಿದ್ದದ್ದು ನನಗೆ ನೆನಪಿದೆ. ಹುಡುಗಿಯಾದ ನನ್ನ ಕೈಗೆ ರಿಮೋಟು ಬರುವಷ್ಟರಲ್ಲಿ ಕರೆಂಟು ಹೋಗಿರುತ್ತಿತ್ತು.

ಅವರ ಆಟದ ಹೆಸರು 'ಹರಿಗೋಲು'. ಆನೆಗೊಂದಿಯ ದಡದಿಂದ ಆಚೆಯ ಹಂಪಿ ಕಡೆಯ ದಡಕ್ಕೆ, ತುಂಗಭದ್ರೆಯ ಬಂಡೆಗಳ ನಡುವೆ, ನೀರುನಾಯಿಗಳಿಗೆ ತಾಗದಂತೆ ಹರಿಗೋಲನ್ನು ದಾಟಿಸಬೇಕು. ಬಿದಿರಿನ ಆ ದುಂಡು ಬುಟ್ಟಿ ಹುಟ್ಟು ಹಾಕಿದಾಗಲೆಲ್ಲ ನೇರ ಹೋಗದೆ ಗಿರ್ರನೆ ತಿರುಗುವುದನ್ನು ಮೈದುನ ಯಂತ್ರಕ್ಕೆ ನೇರವಾಗಿ ಆಜ್ಞೆ ಕೊಡುವ ಅಸೆಂಬ್ಲಿ ಭಾಷೆಯಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದನೆಂದರೆ, ಲ್ಯಾಪ್‌ಟಾಪಿನಲ್ಲಿ ನೋಡುತ್ತಲೇ ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಆದರೆ ಪರದೆಯ ಮೇಲಿದ್ದ ಮಾತೆಲ್ಲ ಇಂಗ್ಲಿಷು. ಕನ್ನಡ ಅಕ್ಷರ ಕೂಡಿಸಲು ಹೋಗಿ ಮೂವರೂ ಸೋತಿದ್ದರು.

ಸೋಲಿನ ಕಾರಣವನ್ನು ಅಂದು ಬೆಳಿಗ್ಗೆ ಚೌಕುಳಿ ಹಾಳೆಯ ಮೇಲೆ ಬರೆದು ತೋರಿಸಿದರು. ಈ ಯಂತ್ರ ಚಿತ್ರವನ್ನು ಇಡಿಯಾಗಿ ಬಿಡಿಸುವುದಿಲ್ಲ. ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಟೈಲುಗಳನ್ನು ಪಕ್ಕಪಕ್ಕದಲ್ಲಿ ಜೋಡಿಸುತ್ತದೆ. ಪರದೆಯ ಮೇಲೆ ಅಡ್ಡಕ್ಕೆ 32, ಉದ್ದಕ್ಕೆ 30, ಒಟ್ಟು 960 ಜಾಗಗಳಿವೆಯಾದರೂ, ಅವರ ಸರಳ ಕ್ಯಾಸೆಟ್ಟಿನಲ್ಲಿ ಹಿನ್ನೆಲೆಗೆಂದು ಇಟ್ಟುಕೊಳ್ಳಬಹುದಾದ ಬೇರೆ ಬೇರೆ ಟೈಲುಗಳು 256 ಮಾತ್ರ. ಚಲಿಸುವ ಬೊಂಬೆಗಳಿಗೆ ಇನ್ನೊಂದು 256. ಆಟದ ಪ್ರೋಗ್ರಾಮು, ಚಿತ್ರ ಎಲ್ಲ ಸೇರಿ 40 ಕಿಲೋಬೈಟಿನೊಳಗೆ ಮುಗಿಯಬೇಕು. ನನ್ನ ಮೊಬೈಲಿನ ಒಂದು ಫೋಟೊ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಇಂಗ್ಲಿಷಿನ ಒಂದು ಅಕ್ಷರ ಒಂದು ಟೈಲಿನಲ್ಲಿ ಆರಾಮಾಗಿ ಕೂರುತ್ತದೆ. ಕನ್ನಡದ 'ಕ'ವನ್ನು ಎಂಟು ಚುಕ್ಕಿಯಲ್ಲಿ ಬರೆದರೆ ಅದು ಜಜ್ಜಿದ ನೊಣದಂತೆ ಕಾಣುತ್ತದೆ. ಓದಲು ಬರಬೇಕಾದರೆ ಒಂದು ಅಕ್ಷರಕ್ಕೆ ಕನಿಷ್ಠ ನಾಲ್ಕು ಟೈಲು ಬೇಕು. ಒತ್ತು ಬಂದರೆ ಕೆಳಗೆ ಇನ್ನೊಂದು ಸಾಲು. ಕೊಂಬು, ದೀರ್ಘ ಬಂದರೆ ಬಲಕ್ಕೆ ಇನ್ನೊಂದು. ನದಿ, ಬಂಡೆ, ಬೆಟ್ಟ, ಅಂಕಿಗಳಿಗೆ ಹೋಗಿ ಅಕ್ಷರಗಳಿಗೆ ಉಳಿದದ್ದು 76 ಟೈಲು, ಅವರ ಪಟ್ಟಿಯ ಮಾತುಗಳಿಗೆ ಬೇಕಾಗುತ್ತಿದ್ದದ್ದು ಸುಮಾರು 140.

ಇಳಕಲ್ ಸೀರೆಯ ಸೆರಗಿಗೆ ಗೋಪುರ, ತೇರು, ಆನೆ ಹಾಕುವಾಗ ನಾವು ಗುರುತು ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಗಾವಂತಿ ಹೊಲಿಗೆಯಲ್ಲೋ ಮೆಂತೆ ಹೊಲಿಗೆಯಲ್ಲೋ ಸೂಜಿ ಇಳಿಸುತ್ತೇವೆ, ಒಂದು ಎಳೆ ತಪ್ಪಿದರೆ ಅಷ್ಟನ್ನೂ ಬಿಚ್ಚುತ್ತೇವೆ. ಆ ಹಾಳೆ ಕಂಡಾಗ ನನಗೆ ಹೊಸದೆನಿಸಲಿಲ್ಲ. ಮೊದಲು ಮಾಡಿದ್ದು ತಲೆಕಟ್ಟಿನ ಹಂಚಿಕೆ. ಕ, ತ, ರ, ಹ ಇವುಗಳ ತಲೆಕಟ್ಟಿನ ಬಲತುದಿಯನ್ನು ಒಂದೇ ಟೈಲಿನಲ್ಲಿ ಬರೆದು ಎಲ್ಲಕ್ಕೂ ಅದನ್ನೇ ಜೋಡಿಸಿದೆ. ಅಂಕಿಗಳನ್ನು ಕನ್ನಡದವೇ ಆಗಿ ಬರೆದಿದ್ದರಿಂದ ೦ಯನ್ನೇ 'ಅಂಕ', 'ಹಂತ'ಗಳ ಅನುಸ್ವಾರಕ್ಕೂ ತಂದು ಕೂರಿಸಿದೆ. ಇದನ್ನು ಕಂಡು ಪಾಠದ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಅದೇ ಅವರ ಮೆಚ್ಚುಗೆಯೆಂದು ಮೈದುನ ಆಮೇಲೆ ಹೇಳಿದ.

ಇಷ್ಟಾದರೂ ಸಾಲಲಿಲ್ಲ. ಕೊನೆಗೆ ಅಕ್ಷರ ಬಿಟ್ಟು ಮಾತಿಗೇ ಕೈ ಹಾಕಬೇಕಾಯಿತು. 'ಸುತ್ತು' ಎಂದಿದ್ದಲ್ಲಿ 'ಹಂತ' ಬಂತು, 'ಪ್ರಾರಂಭ' ಹೋಗಿ 'ಆಟ ಶುರು' ಆಯಿತು. 'ಮತ್ತೊಮ್ಮೆ ಆಡಿ' ಎಂಬುದರಲ್ಲಿ ಒತ್ತುಗಳೇ ಎರಡು; 'ಇನ್ನೊಮ್ಮೆ'ಯಲ್ಲೂ ಅಷ್ಟೇ. ಕನ್ನಡದಲ್ಲಿ ಒತ್ತಿಲ್ಲದೆ ನಾಲ್ಕು ಮಾತಾಡುವುದು ಎಷ್ಟು ಕಷ್ಟವೆಂದು ತಿಳಿಯಬೇಕಿದ್ದರೆ ಯಾರಾದರೂ ಒಂದು ಮಧ್ಯಾಹ್ನ ಪ್ರಯತ್ನಿಸಿ ನೋಡಬಹುದು. ಮಂಡಾಳ ಒಗ್ಗರಣಿ, ಮಿರ್ಚಿ ಬಂದವು. ತಟ್ಟೆ ಖಾಲಿಯಾಗುವ ಹೊತ್ತಿಗೆ 'ಮರಳಿ ಆಡು' ಹೊಳೆಯಿತು. 'ಆಟ ಮುಗಿಯಿತು' ಎಂಬುದನ್ನು ಪೂರ್ತಿ ಕೈಬಿಟ್ಟೆವು, ಮರಳಿ ಆಡು ಎಂದ ಮೇಲೆ ಮುಗಿದದ್ದು ತಾನಾಗಿಯೇ ತಿಳಿಯುತ್ತದಲ್ಲ. ಲೆಕ್ಕ 70ಕ್ಕೆ ನಿಂತಿತು. ಆರು ಟೈಲು ಉಳಿದವು.

ನನ್ನ ಪಾಲಿನ ತಪ್ಪು ಬೆಳಕಿಗೆ ಬಂದದ್ದು ಇದಾದ ಮೇಲೆ. ನೀರುನಾಯಿ ಒಂಟಿಯಾಗಿರುವುದಕ್ಕಿಂತ ಸಂಸಾರ ಸಮೇತ ಸಾಲಾಗಿ ಬಂದರೆ ಚೆಂದವೆಂದು ನಾನು ಹೇಳಿದ್ದಕ್ಕೆ ಮೈದುನ ಮೂರನ್ನು ಸಾಲಿಗೆ ಬಿಟ್ಟ. ಹರಿಗೋಲು ಆ ಸಾಲಿನ ಸಮಕ್ಕೆ ಬಂದ ಕೂಡಲೇ ಅದರ ಬಲ ಅರ್ಧ ಮಾಯವಾಯಿತು. ಚಲಿಸುವ ಬೊಂಬೆಯ ಎಂಟು ಚುಕ್ಕಿ ಅಗಲದ ತುಂಡಿಗೆ ಸ್ಪ್ರೈಟ್ ಎನ್ನುತ್ತಾರೆ. ಒಟ್ಟು 64 ಇರಬಹುದು, ಆದರೆ ಪರದೆಯ ಒಂದೇ ಗೆರೆಯ ಮೇಲೆ ಎಂಟಕ್ಕಿಂತ ಹೆಚ್ಚನ್ನು ಯಂತ್ರ ಬಿಡಿಸಲಾರದು. ಹರಿಗೋಲಿಗೆ ನಾಲ್ಕು, ನೀರುನಾಯಿಗೆ ಎರಡೆರಡರಂತೆ ಆರು, ಕೂಡಿದರೆ ಹತ್ತು. ಯಂತ್ರ ಬಿಡಿಸುವ ಸ್ಪ್ರೈಟುಗಳ ಪಟ್ಟಿಯ ಕೊನೆಯಲ್ಲಿದ್ದ ಎರಡು ಕಾಣದಾದವು. ಒಂದನ್ನು ತೆಗೆದುಬಿಡಿ ಎಂದು ನಾನೇ ಸೋತು ಹೇಳಿದೆ. ಮೈದುನ ಕೇಳಲಿಲ್ಲ. ಚಿತ್ರ ಬದಲಾದಾಗಲೆಲ್ಲ, ಅಂದರೆ ಸೆಕೆಂಡಿಗೆ 50 ಬಾರಿ, ಪಟ್ಟಿಯ ಸರದಿಯನ್ನೇ ತಿರುಗಿಸಿದ. ಕಾಣೆಯಾಗುವ ಪಾಳಿ ಎಲ್ಲರಿಗೂ ಹಂಚಿಹೋಗಿ, ಯಾರೂ ಪೂರ್ತಿ ಮಾಯವಾಗದೆ ಸ್ವಲ್ಪ ಮಿನುಗತೊಡಗಿದರು. ನೀರಿನ ಮೇಲೆ ಬಿಸಿಲು ಬಿದ್ದಂತೆ ಅದು ಕಾಣುತ್ತಿತ್ತು. ನಾವು ಬೇಕೆಂದು ಮಾಡಿದ್ದಲ್ಲ, ಆದರೆ ಕೇಳಿದವರಿಗೆ ಹಾಗೆ ಹೇಳುವುದಿಲ್ಲವೆಂದು ಮಾತಾಯಿತು.

ಸಂಜೆ ಮೆಮೊರಿ ಚಿಪ್ಪಿಗೆ ಆಟ ತುಂಬಿ, ಯಜಮಾನರು ಹಳೆಯ ಕ್ಯಾಸೆಟ್ಟೊಂದರ ಹಲಗೆಗೆ ಅದನ್ನು ಸಿಕ್ಕಿಸಿ, ಕೆಳಗೆ ಅಂಗಡಿಯ ದಪ್ಪ ಬೆನ್ನಿನ ಟಿ.ವಿ.ಗೆ ಜೋಡಿಸಿದರು. ಲ್ಯಾಪ್‌ಟಾಪಿನಲ್ಲಿ ಅಂಚಿನವರೆಗೂ ಕಂಡದ್ದು ಇಲ್ಲಿ ಕಾಣಲಿಲ್ಲ, ಹಳೆಯ ಟಿ.ವಿ.ಗಳು ಚಿತ್ರದ ಅಂಚನ್ನು ಚೌಕಟ್ಟಿನೊಳಗೆ ನುಂಗುತ್ತವೆ. ಮೇಲಿನ ಒಂದು ಸಾಲು ಟೈಲು ಹೋಗಿ, ನಾನು ಅಷ್ಟು ಜತನದಿಂದ ಹಂಚಿದ ತಲೆಕಟ್ಟುಗಳೆಲ್ಲ ಹಾರಿ, 'ಅಂಕ'ದ ಕಾಲುಗಳಷ್ಟೇ ಉಳಿದಿದ್ದವು. ಬರಹವನ್ನು ಎರಡು ಸಾಲು ಕೆಳಗಿಳಿಸಿ, ಚಿಪ್ಪನ್ನು ಮತ್ತೆ ತುಂಬಿ ತಂದರು.

ಯಜಮಾನರ ಏಳು ವರ್ಷದ ಮಗಳು ಮೊದಲು ಆಡಿದಳು. ಮೂರನೆಯ ಬಂಡೆಗೆ ಹರಿಗೋಲು ಬಡಿದು ಮುಳುಗಿತು. ಪರದೆಯ ನಡುವೆ ಬಂದ ಬರಹವನ್ನು ಬೆರಳಿಟ್ಟು ಕೂಡಿಸಿ ಓದಿದಳು: "ಮ, ರ, ಳಿ... ಆಡು." ಆಮೇಲೆ ಪರದೆಯ ಮೂಲೆ ಮೂಲೆಯನ್ನೂ ಹುಡುಕಿ, "ಅಪ್ಪಾ, ಆಡು ಎಲ್ಲೈತಿ? ಬರೇ ನೀರುನಾಯಿ ಅದಾವಲ್ಲ!" ಎಂದಳು.

ನಾಲ್ವರಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ನಗು ನಿಂತ ಮೇಲೆ ಒತ್ತಿಲ್ಲದ ಬೇರೆ ಮಾತು ಹುಡುಕೋಣವೆಂದು ಸರ್ ಹಾಳೆ ತೆಗೆದರು. ನಾನು ಅದರ ಮಗ್ಗುಲಲ್ಲಿ ಹದಿನಾರು ಚುಕ್ಕಿ ಅಗಲ, ಹದಿನಾರು ಚುಕ್ಕಿ ಎತ್ತರದ ಚೌಕ ಹಾಕಿ, ಎರಡು ಕೊಂಬು, ನಾಲ್ಕು ಕಾಲು, ಒಂದು ಮೋಟು ಬಾಲ ಎಣಿಸಿ ತುಂಬಿದೆ. ಉಳಿದಿದ್ದ ಆರರಲ್ಲಿ ನಾಲ್ಕು ಟೈಲು ಅದಕ್ಕೆ ಹೋದವು. ಈಗ ಮುಳುಗಿದವರಿಗೆಲ್ಲ ಆಚೆ ದಡದ ಮೇಲೆ ಒಂದು ಆಡು ನಿಂತಿರುವುದು ಕಾಣುತ್ತದೆ.