ಬಲ್ಲೆನೋ, ಬಹುದೋ: ರಾತ್ರಿ ಶಾಲೆಯ ಇಂಗ್ಲಿಷ್ ತರಗತಿ

ಮುಂಬಯಿಯ ಫೋರ್ಟಿನ ನಮ್ಮ ರಾತ್ರಿ ಶಾಲೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹೋಟೆಲಿನ ಹುಡುಗರು. ಸಂಜೆಯ ಗಿರಾಕಿ ಕರಗುವ ತನಕ ಧಣಿಗಳು ಬಿಡುತ್ತಿರಲಿಲ್ಲವಾದ್ದರಿಂದ, ಗಂಟೆ ಬಾರಿಸಿದ ಮೇಲೆಯೇ ನಾವು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುವುದು ವಾಡಿಕೆಯಾಗಿತ್ತು. ನಾನು ಒಂಬತ್ತನೆಯ ತರಗತಿಗೆ ಬಂದ ಜೂನ್ ತಿಂಗಳ ಮೊದಲ ವಾರದಲ್ಲಿ, ಮಳೆಯಲ್ಲಿ ಪೂರ್ತಿ ತೊಯ್ದ ಅಂಗಿಯೊಡನೆ ಬಾಗಿಲಲ್ಲಿ ನಿಂತು, ಬಲ್ಲಷ್ಟು ಇಂಗ್ಲಿಷಿನಲ್ಲಿ ‘ಕ್ಯಾನ್ ಐ ಕಮ್ ಇನ್, ಸರ್?’ ಎಂದು ಕೇಳಿದೆ. ನಮ್ಮ ಇಂಗ್ಲಿಷ್ ಮಾಸ್ತರರು ಧಾರವಾಡದ ಕಡೆಯವರು. ಹಗಲು ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದು ಸಂಜೆ ನಮಗೆ ಕಲಿಸಲು ಬರುತ್ತಿದ್ದರು. ಅವರು ಕರಿಹಲಗೆಯಿಂದ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ನಾಲ್ಕು ಮಾಳಿಗಿ ಹತ್ತಿ ಬಂದೀ ಅಂದಮ್ಯಾಲ ಒಳಗ ಬರೂ ತಾಕತ್ತು ನಿನಗ ಐತಿ ತಮ್ಮಾ. ನೀ ನನ್ನ ಕೇಳಬೇಕಾದ್ದು ತಾಕತ್ತಲ್ಲ, ಅಪ್ಪಣಿ. ಮೇ ಐ ಅನ್ನು’ ಎಂದರು. ನಾನು ಹಾಗೆಯೇ ಹೇಳಿದೆ, ಒಳಗೆ ಬಂದು ಕುಳಿತೆ, ಅವರು ಅದುವರೆಗೆ ಹಲಗೆಯ ಮೇಲೆ ಬರೆದಿದ್ದುದನ್ನು ಒರೆಸಿ ಆ ಎರಡು ಮಾತುಗಳನ್ನೇ ಬರೆದರು.

ಅಂದಿನ ಪಾಠವೆಲ್ಲ ಅವೆರಡರ ಮೇಲೆಯೇ ನಡೆಯಿತು. ‘ಕ್ಯಾನ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ‘ತಿಳಿದಿರು’ ಎಂಬ ಅರ್ಥವಿದ್ದ ಕ್ರಿಯಾಪದದಿಂದ ಬಂದದ್ದು, ತಿಳಿ ಎಂಬ ಅರ್ಥದ ‘ನೋ’ (know) ಎಂಬ ಮಾತೂ ಅದರ ಬಳಗದ್ದೇ ಎಂದು ಅವರು ಹೇಳಿದಾಗ ನಮಗೆ ಏನೂ ಅನಿಸಿರಲಿಲ್ಲ. ಆದರೆ ‘ಈಜು ಬಲ್ಲೆ’ ಎಂದು ಬರೆದು, ಅದರ ಕೆಳಗೆ ‘ಈಜಬಲ್ಲೆ’ ಎಂದು ಬರೆದಾಗ ಇಡೀ ತರಗತಿ ತಲೆಯೆತ್ತಿ ನೋಡಿತು. ತಿಳಿವಳಿಕೆಗೂ ಸಾಮರ್ಥ್ಯಕ್ಕೂ ನಾವು ದಿನವೂ ಒಂದೇ ಮಾತನ್ನು ಆಡುತ್ತಿದ್ದೆವು, ಅದನ್ನು ಯಾರೂ ತೋರಿಸಿಕೊಟ್ಟಿರಲಿಲ್ಲ. ಒಂದಕ್ಕೊಂದು ನೆಂಟಸ್ತಿಕೆಯಿಲ್ಲದ ಎರಡು ಭಾಷೆಗಳು ಬೇರೆ ಬೇರೆಯಾಗಿಯೇ ಒಂದೇ ದಾರಿ ಹಿಡಿದಿದ್ದವು. ‘ಮೇ’ ಎಂಬುದರ ಕತೆ ಇನ್ನೂ ವಿಚಿತ್ರವಾದದ್ದು. ಅದರ ಮೊದಲ ಅರ್ಥವೂ ತಾಕತ್ತೇ ಆಗಿತ್ತು, ‘ಮೈಟ್’ ಎಂಬ ನಾಮಪದ ಅದೇ ಬೇರಿನಿಂದ ಚಿಗುರಿದ್ದು. ಕಾಲ ಸರಿದಂತೆ ಕ್ರಿಯಾಪದದಿಂದ ತಾಕತ್ತು ಸೋರಿಹೋಗಿ ಅನುಮತಿಯೂ ಸಂಭವವೂ ಉಳಿದವು. ನಮ್ಮ ‘ಬಹುದು’ ಕೂಡ ಹಾಗೆಯೇ ಎರಡು ಕೆಲಸ ಮಾಡುತ್ತದೆ. ‘ನೀನಿನ್ನು ಹೋಗಬಹುದು’ ಎಂದರೆ ಅಪ್ಪಣೆ, ‘ರಾತ್ರಿ ಮಳೆ ಬರಬಹುದು’ ಎಂದರೆ ಸಂಭವ. ‘ಬಲ್ಲೆ’ ಎಂಬುದು ನನ್ನೊಳಗಿನದನ್ನು ಹೇಳುತ್ತದೆ, ‘ಬಹುದು’ ನನ್ನಿಂದಾಚೆಗಿನದನ್ನು. ಮಾಸ್ತರರು ಮುಂದಿನ ಎರಡು ವರ್ಷ ನಮಗೆ ಕಲಿಸಿದ ಅಧಿಕಾರದ ಮಾತುಗಳೆಲ್ಲ ಈ ಒಂದು ಗೆರೆಯ ಈಚೆಗೋ ಆಚೆಗೋ ನಿಲ್ಲುತ್ತವೆ ಎಂದು ನನಗೆ ಈಗಲೂ ಅನಿಸುತ್ತದೆ.

‘ಪವರ್’ ಎಂಬುದು ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದ ಮಾತು, ಮೂಲದಲ್ಲಿ ‘ಆಗು, ಸಾಧ್ಯವಾಗು’ ಎಂಬ ಅರ್ಥದ್ದು. ‘ಪಾಸಿಬಲ್’ ಅದರ ಒಡಹುಟ್ಟು. ಇದಕ್ಕೆ ಕನ್ನಡದಲ್ಲಿ ಸರಿಹೊಂದುವುದು ಅಧಿಕಾರವಲ್ಲ, ‘ಕೈಲಾಗುವುದು’ ಎಂದು ಮಾಸ್ತರರು ಹೇಳುತ್ತಿದ್ದರು. ಕನ್ನಡ ತನ್ನ ಬಲವನ್ನೆಲ್ಲ ಕೈಯಲ್ಲಿಯೇ ಇಟ್ಟುಕೊಂಡಿದೆ: ಮೇಲುಗೈ, ಕೈವಶ, ಕೈಕೆಳಗಿನವನು, ಕೈವಾಡ, ಕೈಲಾಗದವನು. ಇವನ್ನು ಒಂದೊಂದಾಗಿ ಹುಡುಗರಿಂದಲೇ ಹೇಳಿಸಿ, ಹಲಗೆಯ ಎಡಬದಿಯಲ್ಲಿ ಬರೆಸಿ, ಬಲಬದಿಗೆ ಒಂದೊಂದಕ್ಕೂ ತಕ್ಕ ಇಂಗ್ಲಿಷ್ ಮಾತನ್ನು ಹುಡುಕಿಸಿದ್ದರು. ಎಲ್ಲಕ್ಕೂ ‘ಪವರ್’ ಎಂದು ಬರೆದವನಿಗೆ ಅಂಕ ಸಿಗುತ್ತಿರಲಿಲ್ಲ.

‘ಫೋರ್ಸ್’ ಕಲಿಸಲು ಅವರು ಕಿಟಕಿಯತ್ತ ಕೈ ತೋರಿಸಿದರು. ನಾವು ಕುಳಿತಿದ್ದ ಪೇಟೆಯ ಹೆಸರೇ ಫೋರ್ಟ್. ‘ಫೋರ್ಟ್’, ‘ಫೋರ್ಸ್’, ‘ಎಫರ್ಟ್’, ‘ಕಂಫರ್ಟ್’ ಈ ನಾಲ್ಕೂ ‘ಗಟ್ಟಿಯಾದ, ಬಲವಾದ’ ಎಂಬ ಅರ್ಥದ ಒಂದೇ ಲ್ಯಾಟಿನ್ ಮಾತಿನ ಮಕ್ಕಳು. ‘ಕಂಫರ್ಟ್’ ಎಂದರೆ ಮೊದಲಿಗೆ ಮೆತ್ತನೆಯ ಹಾಸಿಗೆಯಾಗಿರಲಿಲ್ಲ, ಕುಸಿದವನಿಗೆ ಬಲ ತುಂಬುವುದಾಗಿತ್ತು. ಕೋಟೆಯ ಗೋಡೆಗಳನ್ನು 1860ರ ದಶಕದಲ್ಲಿ, ಗವರ್ನರ್ ಬಾರ್ಟಲ್ ಫ್ರಿಯರ್ ಕಾಲದಲ್ಲಿ, ಕೆಡವಿಹಾಕಿದರು. ಚರ್ಚ್ ಗೇಟ್, ಬಜಾರ್ ಗೇಟ್ ಎಂಬ ಹೆಸರುಗಳಲ್ಲಿ ಮಾತ್ರ ಅದರ ಬಾಗಿಲುಗಳು ಉಳಿದಿವೆ. ‘ಸ್ಟ್ರೆಂಗ್ತ್’ ಗೋಡೆಯಲ್ಲಿ ಇರುವುದು, ‘ಫೋರ್ಸ್’ ಗೋಡೆಗೆ ಬಂದು ಬಡಿಯುವುದು ಎಂದು ಅವರು ಒಂದೇ ವಾಕ್ಯದಲ್ಲಿ ಮುಗಿಸಿದರು. ಅದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಮತ್ತೆ ಎಲ್ಲಿಯೂ ಓದಿಲ್ಲ.

ವಿಜ್ಞಾನದ ತರಗತಿಯಲ್ಲಿ ಫೋರ್ಸ್ ಬಲ, ಎನರ್ಜಿ ಶಕ್ತಿ, ಪವರ್ ಸಾಮರ್ಥ್ಯ ಎಂದು ನಾವು ಬಾಯಿಪಾಠ ಮಾಡಿದ್ದೆವು. ಅದು ಮನಸ್ಸಿಗೆ ಇಳಿದದ್ದು ಹೋಟೆಲಿನ ರುಬ್ಬುವ ಯಂತ್ರದ ಮುಂದೆ. ಅದರ ಮೋಟಾರಿಗೆ ಅಂಟಿಸಿದ್ದ ತಗಡಿನ ಮೇಲೆ ‘1 ಎಚ್‌ಪಿ’ ಎಂದಿತ್ತು, ಅಂದರೆ ಸುಮಾರು 746 ವ್ಯಾಟ್. ಅದು ಪವರ್, ಕೆಲಸ ಎಷ್ಟು ಬೇಗ ಸಾಗುತ್ತದೆ ಎಂಬುದರ ಅಳತೆ. ತಿಂಗಳ ಕೊನೆಗೆ ವಿದ್ಯುತ್ ಕೊಡುತ್ತಿದ್ದ ಬೆಸ್ಟ್ ಸಂಸ್ಥೆಯವರ ಲೈಟ್ ಬಿಲ್ಲಿನಲ್ಲಿ ಬರುತ್ತಿದ್ದ ಯೂನಿಟ್ಟು ಎನರ್ಜಿ, ಆ ಮೋಟಾರು ಎಷ್ಟು ಹೊತ್ತು ತಿರುಗಿತು ಎಂಬುದೂ ಸೇರಿದ ಲೆಕ್ಕ. ಯಂತ್ರ ಸುಮ್ಮನೆ ನಿಂತಿದ್ದಾಗಲೂ ತಗಡಿನ ಮೇಲಿನ ಅಂಕಿ ಬದಲಾಗುವುದಿಲ್ಲ, ಮೀಟರಿನ ಅಂಕಿ ಓಡುವುದಿಲ್ಲ.

ಆದರೆ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ ಮಾತು ‘ಕಂಟ್ರೋಲ್’. ಟೇಬಲ್ ಒರೆಸುವುದರಿಂದ ಮೇಲೆ ಬಂದು ಗಲ್ಲೆಯ ಪಕ್ಕದಲ್ಲಿ ಚೀಟಿ ಎಣಿಸುವ ಕೆಲಸ ಆಗಷ್ಟೇ ನನಗೆ ಸಿಕ್ಕಿತ್ತು. ಸಪ್ಲೈಯರ್ ಬರೆದ ಬಿಲ್ಲು ಗಿರಾಕಿಯ ಕೈಯಿಂದ ಗಲ್ಲೆಗೆ ಬಂದು ಕಬ್ಬಿಣದ ಮೊಳೆಗೆ ಚುಚ್ಚಿಕೊಳ್ಳುತ್ತಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಭಟ್ಟರು ಕೊಟ್ಟ ಪ್ರತಿಯೊಂದು ತಟ್ಟೆಗೂ ಒಬ್ಬ ಹುಡುಗ ಬೇರೊಂದು ಹಾಳೆಯಲ್ಲಿ ಗೀಟು ಎಳೆಯುತ್ತಿದ್ದ. ರಾತ್ರಿ ಬಾಗಿಲು ಹಾಕಿದ ಮೇಲೆ ಗೀಟಿನ ಹಾಳೆಯನ್ನೂ ಮೊಳೆಯ ಬಿಲ್ಲುಗಳನ್ನೂ ತಾಳೆ ನೋಡುವುದು ನನ್ನ ಪಾಲಿನ ಕೆಲಸ. ಮಸಾಲೆ ದೋಸೆ ಒಂದು ಕಡೆ ಅರವತ್ತೆರಡು, ಇನ್ನೊಂದು ಕಡೆ ಅರವತ್ತು ಎಂದಾದರೆ ಧಣಿಗಳು ದನಿ ಎತ್ತದೆಯೇ ಎಲ್ಲರನ್ನೂ ಕರೆಯುತ್ತಿದ್ದರು. ಇದನ್ನು ತರಗತಿಯಲ್ಲಿ ಹೇಳಿದಾಗ ಮಾಸ್ತರರ ಮುಖ ಅರಳಿತು. ‘ಕಂಟ್ರೋಲ್’ ಎಂದರೆ ಹುಟ್ಟಿನಲ್ಲಿ ಅದೇ: ಲೆಕ್ಕದ ಒಂದು ಸುರುಳಿಗೆ ಎದುರಾಗಿ ಇಟ್ಟ ಮತ್ತೊಂದು ಸುರುಳಿ, ತಾಳೆ ನೋಡಲು ಬರೆದ ಎರಡನೆಯ ಖಾತೆ. ತಾವೂ ಬ್ಯಾಂಕಿನಲ್ಲಿ ಹಗಲೆಲ್ಲ ಮಾಡುವುದು ಇದನ್ನೇ ಎಂದು ಅವರು ಹೇಳಿದರು. ಆಮೇಲೆ ‘ಅಂಕೆ ಇಲ್ಲದ ಕಪಿ ಲಂಕೆ ಸುಟ್ಟಿತು’ ಎಂಬ ಗಾದೆಯನ್ನು ಬರೆದು ‘ಅಂಕೆ’ಯ ಕೆಳಗೆ ಗೆರೆ ಎಳೆದರು. ಎಣಿಕೆಯ ಗುರುತಿಗೂ ಹದ್ದುಬಸ್ತಿಗೂ ಕನ್ನಡಿಗರು ಒಂದೇ ಮಾತನ್ನು ಆಡುತ್ತಾರೆ. ಕಂಟ್ರೋಲ್ ಇಟ್ಟುಕೊಂಡವನಿಗೆ ತೋಳ್ಬಲ ಬೇಕಾಗಿಲ್ಲ, ಬರೆದಿಟ್ಟ ಲೆಕ್ಕ ಸಾಕು. ನಮ್ಮ ಧಣಿಗಳು ತೀರ ಸಣಕಲು ಮನುಷ್ಯರಾಗಿದ್ದರು.

ಈ ಊರಿನಲ್ಲಿ ಓದುವ ಕನ್ನಡದ ಹುಡುಗನಿಗೆ ಇನ್ನೊಂದು ತೊಡಕಿತ್ತು. ನಾವು ‘ಅಧಿಕಾರ’ ಎಂದರೆ ಕುರ್ಚಿ, ಆಳ್ವಿಕೆ. ಹಿಂದಿಯಲ್ಲಿ ಅದೇ ಮಾತು ಹಕ್ಕು. ಸಂವಿಧಾನದ ಮೂಲಭೂತ ಹಕ್ಕುಗಳು ಹಿಂದಿ ಪಠ್ಯದಲ್ಲಿ ‘ಮೂಲ ಅಧಿಕಾರ್’. ಆಳುವ ಅಧಿಕಾರಕ್ಕೆ ಮರಾಠಿಯವರು ‘ಸತ್ತಾ’ ಎನ್ನುತ್ತಾರೆ, ನಾವು ಅದನ್ನು ‘ಪ್ರಜಾಸತ್ತೆ’ಯಂಥ ಸಮಾಸಗಳಲ್ಲಿ ಮಾತ್ರ ಉಳಿಸಿಕೊಂಡಿದ್ದೇವೆ. ಭಗವದ್ಗೀತೆಯ ‘ಕರ್ಮಣ್ಯೇವಾಧಿಕಾರಸ್ತೇ’ ಎಂಬಲ್ಲಿ ಅಧಿಕಾರ ಕುರ್ಚಿಯಂತೂ ಅಲ್ಲ, ಒಂದು ಕೆಲಸಕ್ಕೆ ಸಲ್ಲುವಿಕೆ. ಅದಕ್ಕಾಗಿಯೇ ‘ಅಥಾರಿಟಿ’ಯನ್ನೂ ‘ಪವರ್’ಅನ್ನೂ ಕಣ್ಣುಮುಚ್ಚಿ ‘ಅಧಿಕಾರ’ ಎಂದು ಬರೆಯಬಾರದು ಎಂದು ಮಾಸ್ತರರು ಪಟ್ಟು ಹಿಡಿಯುತ್ತಿದ್ದರು.

‘ಅಥಾರಿಟಿ’ಯ ಮೂಲ ‘ಬೆಳೆಸು, ಹೆಚ್ಚಿಸು’ ಎಂಬ ಲ್ಯಾಟಿನ್ ಧಾತು. ‘ಆಥರ್’ ಕೂಡ ಅದರದೇ. ರೋಮಿನವರು ಹುದ್ದೆಯಿಂದ ಬರುವ ಅಧಿಕಾರಕ್ಕೆ ‘ಪೊಟೆಸ್ತಾಸ್’ ಎಂದೂ ಮನ್ನಣೆಯಿಂದ ಬರುವುದಕ್ಕೆ ‘ಔಕ್ತೊರಿತಾಸ್’ ಎಂದೂ ಕರೆದರು. ಈಗಿನ ತುರ್ಕಿಯ ಅಂಕಾರಾದಲ್ಲಿ ಉಳಿದಿರುವ ಶಾಸನದಲ್ಲಿ ಚಕ್ರವರ್ತಿ ಅಗಸ್ಟಸ್, ಎರಡನೆಯದರಲ್ಲಿ ತಾನು ಎಲ್ಲರಿಗಿಂತ ಮಿಗಿಲಾಗಿದ್ದೆನೆಂದೂ ಮೊದಲನೆಯದು ತನ್ನ ಜೊತೆಯ ಅಧಿಕಾರಿಗಳಿಗಿದ್ದುದಕ್ಕಿಂತ ತನಗೆ ಹೆಚ್ಚಿರಲಿಲ್ಲವೆಂದೂ ಹೇಳಿಕೊಂಡಿದ್ದಾನೆ. ಸೈನ್ಯವನ್ನೆಲ್ಲ ಕೈಯಲ್ಲಿಟ್ಟುಕೊಂಡವನ ಮಾತು ಅದು ಎಂಬುದನ್ನು ನಾನು ಮರೆಯಲಾರೆ. ಈ ಭೇದ ನನಗೆ ಕಣ್ಣಾರೆ ಕಂಡದ್ದು ರೋಮಿನಲ್ಲಲ್ಲ, ನಮ್ಮ ತರಗತಿಯಲ್ಲಿ. ಒಂದು ರಾತ್ರಿ ಫ್ಯೂಸ್ ಹಾರಿ ಕಟ್ಟಡವೆಲ್ಲ ಕತ್ತಲಾಯಿತು. ಹಗಲಿಡೀ ದುಡಿದು ದಣಿದಿದ್ದ ನಲವತ್ತು ಮಂದಿ ಹುಡುಗರಿಗೆ ಎದ್ದು ಹೋಗಲು ಅದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಅವರಲ್ಲಿ ಕೆಲವರು ಮಾಸ್ತರರಿಗಿಂತ ಎತ್ತರವಾಗಿದ್ದರು. ಹಾಜರಿ ಆಗಲೇ ಆಗಿತ್ತು. ಮಾಸ್ತರರು ಬೆತ್ತವನ್ನು ಎಂದೂ ಮುಟ್ಟಿದವರಲ್ಲ, ಅಂದು ‘ಕೂತಿರಿ’ ಎಂದೂ ಹೇಳಲಿಲ್ಲ. ಅರ್ಧಕ್ಕೆ ನಿಂತಿದ್ದ ವಾಕ್ಯವನ್ನು ಕತ್ತಲೆಯಲ್ಲಿಯೇ ಮುಂದುವರಿಸಿದರು. ದೀಪ ಬಂದಾಗ ಒಂದು ಬೆಂಚೂ ಖಾಲಿಯಾಗಿರಲಿಲ್ಲ.

ಎಸ್‌ಎಸ್‌ಸಿ ಮುಗಿಸಿ, ಟೈಪಿಂಗ್ ಕಲಿತು, ಹೈಕೋರ್ಟಿನ ಹತ್ತಿರದ ಒಂದು ವಕೀಲರ ಕಚೇರಿಗೆ ಸೇರಿದ ಮೇಲೆ ಈ ಮಾತುಗಳೇ ನನಗೆ ಅನ್ನ ಕೊಟ್ಟವು. ಆದರೆ ಅವುಗಳ ತೂಕ ತಿಳಿದದ್ದು ನನ್ನ ಮನೆಯದೇ ವ್ಯವಹಾರದಲ್ಲಿ. ಕುಂದಾಪುರದ ಕಡೆಯ ನಮ್ಮ ಗದ್ದೆಯನ್ನು ಮಾರಲು ದೊಡ್ಡಪ್ಪ ನನ್ನ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದರು. ಕೊಳ್ಳುವವರಿಂದ ಮುಂಗಡವೂ ಬಂದಿತ್ತು. ಕ್ರಯಪತ್ರಕ್ಕೆ ಇನ್ನು ಹನ್ನೊಂದು ದಿನ ಇದೆ ಎನ್ನುವಾಗ ದೊಡ್ಡಪ್ಪ ತೀರಿಕೊಂಡರು. ಉತ್ತರಕ್ರಿಯೆ ಮುಗಿಸಿದ ಸಂಜೆ ಜಗಲಿಯಲ್ಲಿ ಕುಳಿತು ಹಿರಿಯರೆಲ್ಲ, ‘ಪವರ್ ನಿನ್ನ ಕೈಯಲ್ಲೇ ಉಂಟಲ್ಲ ಮಾರಾಯ, ಸಹಿ ಹಾಕಿ ಮುಗಿಸಿಬಿಡು’ ಎಂದರು. ಕಾಗದ ನನ್ನ ಕೈಯಲ್ಲಿತ್ತು, ಮುದ್ರೆ ಇತ್ತು, ದೊಡ್ಡಪ್ಪನ ಓರೆಯಾದ ಸಹಿ ಇತ್ತು. ಆದರೆ 1872ರ ಕರಾರು ಕಾಯ್ದೆಯ 201ನೆಯ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವನು ತೀರಿಕೊಂಡರೆ ಏಜೆನ್ಸಿಯೂ, ಅಂದರೆ ಅವನ ಪರವಾಗಿ ವ್ಯವಹರಿಸುವ ಅಧಿಕಾರವೂ, ಅಲ್ಲಿಗೇ ಮುಗಿಯುತ್ತದೆ. ಆ ಆಸ್ತಿಯಲ್ಲಿ ಏಜೆಂಟನಿಗೇ ಹಿತಾಸಕ್ತಿ ಇದ್ದಾಗ 202ನೆಯ ಕಲಮು ಬೇರೆ ಮಾತು ಹೇಳುತ್ತದೆ, ಅದು ನನಗೆ ಅನ್ವಯಿಸುತ್ತಿರಲಿಲ್ಲ. ಸಹಿ ಹಾಕುವುದು ನನ್ನ ಕೈಲಾಗುತ್ತಿತ್ತು, ಹಾಕುವಂತಿರಲಿಲ್ಲ. ಜಗಲಿಯಲ್ಲಿ ಇದನ್ನು ವಿವರಿಸಲು ನನಗೆ ಕಾಯ್ದೆಯ ಮಾತುಗಳು ಒದಗಲಿಲ್ಲ. ‘ಹಾಕಬಲ್ಲೆ, ಆದರೆ ಹಾಕಬಹುದು ಎನ್ನುವವರು ಈಗ ಇಲ್ಲ’ ಎಂದೆ. ಅತ್ತೆ ಒಬ್ಬರು ತಲೆಯಾಡಿಸಿದರು, ಉಳಿದವರು ಬೇಸರಗೊಂಡರು. ಮುಂಗಡ ಹಿಂದಿರುಗಿಸಬೇಕಾಯಿತು. ವಾರಸುದಾರರೆಲ್ಲ ಸೇರಿ ಸಹಿ ಮಾಡುವಷ್ಟರಲ್ಲಿ ಎರಡು ವರ್ಷ ಕಳೆದವು.

ಕೆಲವು ವರ್ಷಗಳ ಹಿಂದೆ ಮಗಳ ಮದುವೆಯ ಕರೆಯೋಲೆ ಕೊಡಲು ಡೊಂಬಿವಲಿಯ ಮಾಸ್ತರರ ಮನೆಗೆ ಹೋಗಿದ್ದೆ. ‘ಈ ವರ್ಷ ಅವಳಿಗೆ ಗುರುಬಲ ಬಂತು ಸರ್’ ಎಂದು ಮಾತಿಗೆ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು, ‘ಗುರುಬಲ ಅನ್ನೂದನ್ನ ಇಂಗ್ಲಿಷಿನ್ಯಾಗ ಹೆಂಗ ಹೇಳ್ತಿ?’ ಎಂದು ಕೇಳಿದರು. ಸ್ಟ್ರೆಂಗ್ತ್ ಎಂದೆ, ಪವರ್ ಎಂದೆ, ಎರಡಕ್ಕೂ ತಲೆ ಅಲ್ಲಾಡಿಸಿದರು. ನಾನು ಬಹಳ ಹೊತ್ತು ಯೋಚಿಸಿ ‘ಇನ್‌ಫ್ಲುಯೆನ್ಸ್’ ಎಂದಾಗ ಅವರು ಸುಮ್ಮನೆ ನನ್ನನ್ನು ನೋಡಿದರು. ಆ ಮಾತಿನ ಅರ್ಥ ‘ಒಳಕ್ಕೆ ಹರಿಯುವುದು’, ಆಕಾಶದ ಗ್ರಹನಕ್ಷತ್ರಗಳಿಂದ ಏನೋ ಒಂದು ಮನುಷ್ಯರೊಳಗೆ ಹರಿದು ಅವರ ನಡೆಯನ್ನು ತಿದ್ದುತ್ತದೆ ಎಂದು ಯುರೋಪಿನ ಜ್ಯೋತಿಷಿಗಳು ನಂಬಿದ್ದ ಕಾಲದ್ದು ಎಂದು ಅವರೇ ಹಿಂದೆ ಕಲಿಸಿದ್ದರು. ಇನ್‌ಫ್ಲುಯೆಂಜಾ ಜ್ವರದ ಹೆಸರೂ ಅದರ ಇಟಾಲಿಯನ್ ರೂಪವೇ. ಇಂದು ಮುಂಬಯಿಯಲ್ಲಿ ಯಾರಿಗಾದರೂ ಇನ್‌ಫ್ಲುಯೆನ್ಸ್ ಇದೆ ಎಂದರೆ ವಶೀಲಿ ಇದೆ ಎಂದಷ್ಟೇ ಅರ್ಥ, ಮೇಲಿನಿಂದ ಇಳಿದು ಬರುವ ಬಲ ಎಂಬುದು ಅದರಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಅವರು ನನ್ನ ಜೇಬಿನ ಪೆನ್ನನ್ನು ಕೇಳಿ ತೆಗೆದುಕೊಂಡು, ಕರೆಯೋಲೆಯ ಹಿಂಬದಿಯಲ್ಲಿ ‘ಗುರುಬಲ’ ಎಂದೂ ಅದರ ಪಕ್ಕಕ್ಕೆ ಇಂಗ್ಲಿಷಿನಲ್ಲಿ ‘ಇನ್‌ಫ್ಲುಯೆನ್ಸ್’ ಎಂದೂ ಬರೆದರು. ಕೈ ನಡುಗುತ್ತಿದ್ದುದರಿಂದ ಕೊನೆಯ ಅಕ್ಷರಗಳು ಗೆರೆಯಿಂದ ಕೆಳಕ್ಕೆ ಜಾರಿದ್ದವು. ಬರೆದುದನ್ನು ಒಮ್ಮೆ ದೂರ ಹಿಡಿದು ನೋಡಿ, ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ‘ಇದು ಅರ್ಧಾ ಸರಿ ಐತಿ. ಮದವಿಗೆ ಬರೂದ್ರಾಗ ಉಳಿದರ್ಧ ಹುಡುಕಿ ತರ್ತೀನಿ’ ಎಂದು ಕರೆಯೋಲೆಯನ್ನು ಮೇಜಿನ ಮೇಲಿದ್ದ ನಿಘಂಟಿನೊಳಗೆ ಇಟ್ಟರು.