ಮೂಡಿಗೆರೆ ಕಡೆ ಮೇಷ್ಟ್ರಾಗಿ ಹೊರಟವರಿಗೆ

ಜೂನ್ ಮೊದಲ ವಾರ ಮೂಡಿಗೆರೆಯಲ್ಲಿ ಬಸ್ಸಿಳಿದವನು ಮೊದಲು ಪೇಟೆಯಲ್ಲಿ ಗಮ್‌ಬೂಟು, ದೊಡ್ಡ ಕೊಡೆ ಕೊಂಡೆ. ನಾನು ದಾವಣಗೆರೆ ಕಡೆಯವನು. ನಮ್ಮಲ್ಲಿ ಮಳೆ ಒಂದು ಗಂಟೆ ಸುರಿದು ಹೋಗುತ್ತದೆ, ಇಲ್ಲಿ ಹಿಡಿದ ಮಳೆ ವಾರಗಟ್ಟಲೆ ಬಿಡುವುದಿಲ್ಲ. ಪಕ್ಕದ ಜಿಲ್ಲೆಯೇ ಆದರೂ ಪರದೇಶಕ್ಕೆ ಬಂದ ಹಾಗಾಗಿತ್ತು. ಕಾಫಿ ತೋಟಗಳ ನಡುವಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳು ತಿಂಗಳು ಸ್ವಯಂಸೇವಕನಾಗಿ ಪಾಠ ಮಾಡಿದೆ. ಹಾಗೆ ಹೋಗಬೇಕೆಂದಿರುವವರಿಗೆ ಮೊದಲು ಹೇಳಬೇಕಾದ್ದು ಇದು: ಎರಡು ವಾರಕ್ಕೆಂದು ಹೋಗಬೇಡಿ. ಮಕ್ಕಳು ಯಾವ ಮನೆಯಿಂದ, ಯಾವ ದಾರಿಯಲ್ಲಿ ಬರುತ್ತಾರೆಂದು ತಿಳಿಯುವುದಕ್ಕೇ ನನಗೆ ಒಂದು ತಿಂಗಳು ಹಿಡಿಯಿತು.

ಅನುಮತಿಯನ್ನು ಬಾಯಿಮಾತಿಗೆ ಬಿಡಬೇಡಿ. ಮುಖ್ಯಶಿಕ್ಷಕರ ಜೊತೆ ಮಾತಾಡಿ, ಎಸ್‌ಡಿಎಂಸಿಯವರನ್ನು (ಶಾಲೆಯ ಉಸ್ತುವಾರಿ ಸಮಿತಿ) ಕಂಡು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಪತ್ರ ಕೊಟ್ಟು ಬರಹದಲ್ಲೇ ಪಡೆಯಿರಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ನಲಿ-ಕಲಿಯಲ್ಲಿ ಒಟ್ಟಿಗೇ ಕೂರುತ್ತಾರೆ. 1995ರಲ್ಲಿ ಎಚ್.ಡಿ.ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಪಾಠವನ್ನು ಮೆಟ್ಟಿಲುಗಳಾಗಿ ಜೋಡಿಸಿದ ಪಟ್ಟಿಗೆ ಕಲಿಕಾ ಏಣಿ ಎನ್ನುತ್ತಾರೆ, ಮಗು ಅದರ ಯಾವ ಮೆಟ್ಟಿಲಲ್ಲಿದೆ ಎಂದು ನೋಡಿ ಆ ಮೆಟ್ಟಿಲಿನ ಚಟುವಟಿಕೆಯ ಕಾರ್ಡು ಕೊಡಬೇಕು. ನಾನು ಮೊದಲ ವಾರ ಪೂರ್ತಿ ಹಿಂದಿನ ಸಾಲಿನಲ್ಲಿ ಕೂತು ಅಲ್ಲಿನ ಟೀಚರ್ ಪಾಠ ಮಾಡುವುದನ್ನು ನೋಡಿದೆ. ನೀವೂ ಹಾಗೇ ಮಾಡಿ.

ವಾಸಕ್ಕೆ ಊರಿನವರ ಮನೆಯಲ್ಲೇ ಒಂದು ಕೋಣೆ ಕೇಳಿ. ಬಚ್ಚಲೊಲೆ ಇರುವ ಮನೆಯಾದರೆ ಒಳ್ಳೆಯದು, ಜುಲೈನಲ್ಲಿ ಬಟ್ಟೆ ಒಣಗುವುದು ಅದರ ಮೇಲೆ ಮಾತ್ರ. ಮಕ್ಕಳ ಸಮವಸ್ತ್ರವೂ ಹಾಗೇ ಒಣಗುವುದರಿಂದ ತರಗತಿ ತುಂಬ ಸೌದೆ ಹೊಗೆಯ ವಾಸನೆ. ಸೀಮೆಸುಣ್ಣ ತೇವ ಹಿಡಿದು ಬೋರ್ಡಿನ ಮೇಲೆ ಜಾರುತ್ತದೆ. ಬಿಸಿಯೂಟದ ಅಕ್ಕ ಅದರ ಡಬ್ಬಿಯನ್ನು ಒಲೆಯ ಪಕ್ಕ ಇಟ್ಟಿರುತ್ತಿದ್ದರು, ಬೆಳಿಗ್ಗೆ ಬೆಚ್ಚಗಿನ ಸೀಮೆಸುಣ್ಣ ಕೈಗೆ ಸಿಗುತ್ತಿತ್ತು. ಮರ ಬಿದ್ದು ಲೈನ್ ಹರಿದರೆ ನಾಲ್ಕು ದಿನವಾದರೂ ಕರೆಂಟು ಇರುವುದಿಲ್ಲ, ಟಾರ್ಚು ಜೊತೆಗಿರಲಿ. ಇಂಬಳ (ಜಿಗಣೆ) ಕಚ್ಚಿದರೆ ಗಾಬರಿಯಾಗಬೇಡಿ, ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಸ್ವಲ್ಪ ಹೊತ್ತು ಸುರಿಯುತ್ತದೆ, ಅಷ್ಟೇ.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಭಾಷೆ. ಕನ್ನಡ ಶಾಲೆ, ಕನ್ನಡ ಮೇಷ್ಟ್ರು, ಇನ್ನೇನು ಅಂದುಕೊಂಡಿದ್ದೆ. ನೋಡಿದರೆ ಅರ್ಧದಷ್ಟು ಮಕ್ಕಳು ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಬರುವವರು. ಮನೆಯಲ್ಲಿ ಒಬ್ಬರದು ತಮಿಳು, ಒಬ್ಬರದು ತುಳು, ಅಸ್ಸಾಮಿನಿಂದ ಬಂದವರದು ಅಸ್ಸಾಮಿ. ಅವರಲ್ಲಿ ಒಬ್ಬ ಏಳು ವರ್ಷದ ಹುಡುಗಿ ಮೂರು ವಾರ ಬಾಯಿಯೇ ಬಿಡಲಿಲ್ಲ. ಒಂದು ದಿನ ಕಾರ್ಡಿನಲ್ಲಿದ್ದ ಆನೆಯ ಚಿತ್ರ ತೋರಿಸಿದಾಗ ಮೆಲ್ಲಗೆ ‘ಹಾತಿ’ ಅಂದಳು. ಬೋರ್ಡಿನ ಮೇಲೆ ‘ಆನೆ’ಯ ಪಕ್ಕದಲ್ಲೇ ಕನ್ನಡ ಅಕ್ಷರದಲ್ಲಿ ‘ಹಾತಿ’ ಬರೆದೆ. ತಮಿಳಿನ ಹುಡುಗ ಕೂತಲ್ಲಿಂದಲೇ ‘ಯಾನೈ’ ಎಂದು ಕೂಗಿದ, ಅದನ್ನೂ ಬರೆದೆ. ಅವತ್ತಿನಿಂದ ಗೋಡೆಯ ಮೇಲೆ ಒಂದೊಂದು ಪದಕ್ಕೂ ನಾಲ್ಕು ಭಾಷೆಯ ಚೀಟಿ ಅಂಟಿಸತೊಡಗಿದೆವು. ಸೆಪ್ಟೆಂಬರ್ ಹೊತ್ತಿಗೆ ಆ ಹುಡುಗಿ ಕನ್ನಡದಲ್ಲೇ ಜಗಳ ಆಡುತ್ತಿದ್ದಳು. ಕನ್ನಡ ಕಲಿಸಬೇಕೆಂದು ಮನೆಮಾತನ್ನು ಹೊಸ್ತಿಲಾಚೆ ನಿಲ್ಲಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಆನೆ ಇಲ್ಲಿ ಬರೀ ಕಾರ್ಡಿನ ಚಿತ್ರವಲ್ಲ. ಮೂಡಿಗೆರೆ, ಬೇಲೂರು, ಸಕಲೇಶಪುರ, ಆಲೂರು ಸುತ್ತಿನಲ್ಲಿ ಹಿಂಡುಗಳು ತೋಟದಿಂದ ತೋಟಕ್ಕೆ ಓಡಾಡುತ್ತವೆ, ಜನ ಸತ್ತಿದ್ದಾರೆ. ಇದರ ಅರಿವಿಲ್ಲದೆ ಎರಡನೇ ವಾರ ನಾನೊಂದು ತಪ್ಪು ಮಾಡಿದೆ. ಓದಲು ತಡವರಿಸುತ್ತಿದ್ದ ನಾಲ್ಕು ಮಕ್ಕಳನ್ನು ಶಾಲೆ ಬಿಟ್ಟ ಮೇಲೂ ಕೂರಿಸಿಕೊಂಡೆ. ಮೋಡ ಕವಿದು ಐದಕ್ಕೇ ಕತ್ತಲಾಗುತ್ತಿತ್ತು. ಒಬ್ಬ ತಾಯಿ ಕೈಯಲ್ಲಿ ಕತ್ತಿ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಓಡುತ್ತಾ ಬಂದರು. ಹಿಂಡು ಕೆಳಗಿನ ತೋಟದಲ್ಲಿದೆಯೆಂದು ಮಧ್ಯಾಹ್ನವೇ ಊರಿನ ವಾಟ್ಸ್ಯಾಪ್ ಗುಂಪಿಗೆ ಸಂದೇಶ ಬಂದಿತ್ತಂತೆ, ನನ್ನ ಫೋನಿಗೆ ಸಿಗ್ನಲ್ಲೇ ಇರಲಿಲ್ಲ. ಆಕೆ ನನ್ನನ್ನು ಬೈಯಲಿಲ್ಲ. ನಾಲ್ಕೂ ಚೀಲಗಳನ್ನು ಹೆಗಲಿಗೇರಿಸಿಕೊಂಡು ಮಕ್ಕಳನ್ನು ಕರೆದುಕೊಂಡು ಹೋದರು. ಅವರು ಮನೆ ಸೇರಿದ ಸುದ್ದಿ ಬರುವವರೆಗೂ ನಾನು ಜಗಲಿಯಲ್ಲೇ ನಿಂತಿದ್ದೆ. ನೀವು ಹೋದ ದಿನವೇ ಆ ಗುಂಪಿಗೆ ಸೇರಿ, ಸಿಗ್ನಲ್ ಸಿಗುವ ದಿಣ್ಣೆ ಯಾವುದೆಂದು ಕೇಳಿಟ್ಟುಕೊಳ್ಳಿ. ಹೆಚ್ಚಿನ ಪಾಠ ಬೇಕಾದರೆ ಬಿಸಿಯೂಟದ ಬಿಡುವಿನಲ್ಲಿ ಮಾಡಿ.

ಮಳೆ ರಜೆ ಎಷ್ಟು ಬರುತ್ತದೆಂದು ಯಾರೂ ಮೊದಲೇ ಹೇಳಲಾರರು. ನಮ್ಮಲ್ಲಿ ಕಳೆದ ದಿನಗಳನ್ನು ಶನಿವಾರ ಪೂರ್ತಿ ಶಾಲೆ ನಡೆಸಿ ತುಂಬಿಸಿದರು, ಅದಕ್ಕೆ ವಾರಾಂತ್ಯದಲ್ಲಿ ಊರಿಗೆ ಹೋಗುವ ಟಿಕೆಟ್ ಮುಂಗಡ ಮಾಡಿಸಬೇಡಿ.

ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗಿ ಕೊಯ್ಲು ಶುರುವಾದರೆ ಹಾಜರಿ ಇಳಿಯುತ್ತದೆ. ದೊಡ್ಡ ಮಕ್ಕಳು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಲೈನ್ ಮನೆಯಲ್ಲೇ ಉಳಿಯುತ್ತಾರೆ. ಕೆಲವು ಕುಟುಂಬಗಳು ತೋಟವನ್ನೇ ಬದಲಿಸುತ್ತವೆ. ಡಿಸೆಂಬರಿನಲ್ಲಿ ನಮ್ಮ ‘ಹಾತಿ’ ಹುಡುಗಿಯ ಮನೆಯವರೂ ಸಕಲೇಶಪುರದ ಕಡೆಗೆ ಹೊರಟರು. ಹಾಗೆ ಹೊರಟ ಮಗು ಶಾಲೆಯನ್ನೇ ಬಿಟ್ಟುಬಿಡುವುದುಂಟು. ಟಿ.ಸಿ. (ವರ್ಗಾವಣೆ ಪತ್ರ) ತಡವಾಯಿತೆಂದು ಯಾವ ಸರ್ಕಾರಿ ಶಾಲೆಯೂ ಪ್ರವೇಶ ನಿರಾಕರಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹಾಗಿದೆ. ಇದನ್ನು ಆಕೆಯ ಅಪ್ಪನಿಗೆ ಎರಡು ಸಲ ಹೇಳಿದೆ. ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ಮಗುವಿಗೂ ಸ್ಯಾಟ್ಸ್ ಎಂಬ ಒಂದು ಗುರುತಿನ ಸಂಖ್ಯೆ ಇರುತ್ತದೆ. ಆಕೆಯದನ್ನು ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ದಪ್ಪಗೆ ಬರೆದು, ಅಪ್ಪನ ಫೋನಿನಲ್ಲೂ ಫೋಟೊ ತೆಗೆದುಕೊಟ್ಟೆ. ಜನವರಿಯಲ್ಲಿ ಅದೇ ಫೋನಿನಿಂದ ಕರೆ ಬಂತು. ಹೊಸ ಶಾಲೆಯಲ್ಲಿ ಹೆಸರು ಹಚ್ಚಿದ್ದಾರೆ ಎಂದು ಹುಡುಗಿಯೇ ಕನ್ನಡದಲ್ಲಿ ಹೇಳಿದಳು.