ಕೀ ಅವರದು, ಹೆಸರು ನಮ್ಮದು

ಮೈಸೂರಿನ ಕುವೆಂಪುನಗರದಲ್ಲಿ ಪಕ್ಕದ ಮನೆಯವರ 2015ರ ವ್ಯಾಗನ್ ಆರ್ ಮಾರಾಟಕ್ಕಿತ್ತು. ನೋಡಲು ಮದ್ದೂರಿನವರು ಭಾನುವಾರ ಬೆಳಿಗ್ಗೆ ಬರುವವರಿದ್ದರು. ಅವರು ಬರುವುದಕ್ಕೆ ಮೊದಲೇ ಒಂದು ಫೋನು ಬಂತು. ಜಾಹೀರಾತು ನೋಡಿ ಹಿಂದಿನ ದಿನ ಮಾತಾಡಿದ್ದ ಮನುಷ್ಯನದೇ. “ಸಾರ್, ನಾನು ಊರಲ್ಲಿಲ್ಲ, ನಮ್ಮ ಭಾವಮೈದ ಬಂದು ಗಾಡಿ ನೋಡ್ತಾನೆ. ಅವನ ಹತ್ರ ರೇಟಿನ ವಿಷ್ಯ ಮಾತ್ರ ಎತ್ತಬೇಡಿ, ನಮ್ಮಿಬ್ಬರ ಮಧ್ಯೆ ಸ್ವಲ್ಪ ಲೆಕ್ಕಾಚಾರ ಇದೆ. ಕೇಳಿದ್ರೆ ನಾನು ನಿಮಗೆ ಪರಿಚಯ ಅಂತ ಹೇಳಿಬಿಡಿ.”

ಹಳೇ ಕಾರು ಮಾರುವವರು ಈ ಮಾತನ್ನು ಗುರುತಿಡಬೇಕು. ಆ ಕಡೆ ಕೊಳ್ಳುವವರಿಗೂ ಇವನೇ ಫೋನು ಮಾಡಿರುತ್ತಾನೆ: “ಗಾಡಿ ನಮ್ಮ ಸ್ನೇಹಿತರದು, ಅವರು ನನಗೆ ದುಡ್ಡು ಕೊಡೋದಿದೆ, ಅದಕ್ಕೇ ಕಡಿಮೆಗೆ ಬಿಡ್ತಿದ್ದಾರೆ. ನೋಡಿ, ಇಷ್ಟವಾದ್ರೆ ಹಣ ನನ್ನ ಅಕೌಂಟಿಗೆ ಹಾಕಿ. ಅಲ್ಲಿ ರೇಟು ಮಾತಾಡಬೇಡಿ, ಬೇಜಾರು ಮಾಡ್ಕೋತಾರೆ.” ಕೊಳ್ಳುವವರು ಬರುತ್ತಾರೆ, ಬಾನೆಟ್ ಎತ್ತಿ ನೋಡುತ್ತಾರೆ, ಒಂದು ಸುತ್ತು ಓಡಿಸುತ್ತಾರೆ, ಒಪ್ಪಿಗೆಯಾಗುತ್ತದೆ. ಹಣ ಮಧ್ಯದವನ ಖಾತೆಗೆ ಹೋಗುತ್ತದೆ. ಆಮೇಲೆ ಕೀ ಕೇಳಿದರೆ, ಮಾರುವವರು ದುಡ್ಡೇ ಬಂದಿಲ್ಲ ಅನ್ನುತ್ತಾರೆ. ಇಬ್ಬರೂ ಸಾಚಾ ಜನ, ಇಬ್ಬರಿಗೂ ಎದುರಿನವನೇ ಕಳ್ಳ ಅನ್ನಿಸುತ್ತದೆ. ಮಧ್ಯದವನ ಫೋನು ಅಷ್ಟರಲ್ಲಿ ಸ್ವಿಚ್ ಆಫ್.

ಇದಕ್ಕೆ ಮದ್ದು ಬಲು ಸರಳ. ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, ಮೂರು ಪ್ರಶ್ನೆ ಕೇಳಬೇಕು: ಗಾಡಿ ವಿಷಯ ಯಾರು ಹೇಳಿದರು, ಎಷ್ಟು ಅಂತ ಹೇಳಿದರು, ಹಣ ಎಲ್ಲಿಗೆ ಹಾಕಲು ಹೇಳಿದರು. ಅವತ್ತು ಕೇಳಿದ್ದೂ ಅದನ್ನೇ. ಇವರು ಮನಸ್ಸಿನಲ್ಲಿಟ್ಟುಕೊಂಡಿದ್ದು 3 ಲಕ್ಷ; ಮದ್ದೂರಿನವರಿಗೆ ಹೇಳಿದ್ದು 2 ಲಕ್ಷ 40 ಸಾವಿರ. ಭಾವಮೈದನೂ ಇಲ್ಲ, ಲೆಕ್ಕಾಚಾರವೂ ಇಲ್ಲ. ಹಣ ಇನ್ನೂ ಹೋಗಿರಲಿಲ್ಲ. ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು, ಏಕೆಂದರೆ ಹಣ ಆ ಖಾತೆಯಿಂದ ಮುಂದಿನ ಖಾತೆಗೆ ದಾಟುವುದರೊಳಗೆ ತಡೆದರೆ ಮಾತ್ರ ಸಿಗುವ ಆಸೆ.

ಮಧ್ಯದವನು ಗಾಡಿ ತನ್ನ ಸ್ನೇಹಿತರದೇ ಅಂತ ನಂಬಿಸಿದ್ದು ಹೇಗೆ? ಮದ್ದೂರಿನವರ ಫೋನಿನಲ್ಲಿ ಆರ್‌ಸಿಯ, ಅಂದರೆ ಗಾಡಿಯ ನೋಂದಣಿ ಪತ್ರದ, ಎರಡೂ ಬದಿಯ ಫೋಟೊ ಇತ್ತು. ಅದು ಜಾಹೀರಾತಿನ ಜೊತೆಗೇ ಹಾಕಿದ್ದ ಫೋಟೊ. ಆರ್‌ಸಿ ಮೇಲೆ ಹೆಸರು, ವಿಳಾಸ, ಚಾಸಿ ನಂಬರು, ಎಂಜಿನ್ ನಂಬರು ಎಲ್ಲ ಇರುತ್ತವೆ. ಸಾರಿಗೆ ಇಲಾಖೆಯ ಪರಿವಾಹನ್ ಸೈಟಿನಲ್ಲಿ ಗಾಡಿಯ ಕೆಲಸ ಶುರುವಾಗುವುದೇ ನೋಂದಣಿ ಸಂಖ್ಯೆ ಮತ್ತು ಚಾಸಿ ನಂಬರಿನ ಕೊನೆಯ ಐದು ಅಂಕಿಯಿಂದ. ಅದನ್ನು ಊರಿಗೆಲ್ಲ ಹಂಚಬಾರದು. ಜಾಹೀರಾತಿಗೆ ಕಾರಿನ ಫೋಟೊ, ಮಾಡೆಲ್ ವರ್ಷ, ಎಷ್ಟನೇ ಓನರ್, ಓಡಿರುವ ಕಿಲೋಮೀಟರು ಸಾಕು. ನಂಬರ್ ಪ್ಲೇಟ್ ಮರೆಮಾಡಿದರೆ ಇನ್ನೂ ಒಳ್ಳೆಯದು. ಒಂದೇ ನಂಬರಿನ ಪ್ಲೇಟು ಇನ್ನೊಂದು ಅದೇ ಬಣ್ಣದ ಕಾರಿಗೆ ಹಾಕಿಕೊಂಡು ಓಡಾಡುವವರೂ ಇದ್ದಾರೆ. ದಾಖಲೆ ನೋಡಲೇಬೇಕು ಅನ್ನುವವರಿಗೆ ಮನೆಗೆ ಬಂದಾಗ ಡಿಜಿಲಾಕರ್‌ನಲ್ಲಿ ತೋರಿಸಿದರಾಯಿತು. ಟೆಸ್ಟ್ ಡ್ರೈವ್‌ಗೂ ಅಷ್ಟೇ ಸಾಕು, ಮೂಲ ಆರ್‌ಸಿ ಬೀರುವಿನಲ್ಲೇ ಇರಲಿ.

ಇನ್ನೊಂದು ಸಣ್ಣ ವಿಷಯ, ಜಾಹೀರಾತಿಗೂ ಮೊದಲೇ ನೋಡಿಕೊಳ್ಳಬೇಕಾದ್ದು. ಸರ್ಕಾರದ ವಾಹನ ನೋಂದಣಿ ದಾಖಲೆಯಾದ ವಾಹನ್‌ನಲ್ಲಿ ಯಾವ ಮೊಬೈಲ್ ನಂಬರ್ ಇದೆ? ಎಷ್ಟೋ ಕಾರುಗಳಿಗೆ ಶೋರೂಮಿನವರ ನಂಬರ್ರೋ, ಯಾವತ್ತೋ ಬಿಟ್ಟ ಹಳೇ ಸಿಮ್ಮಿನ ನಂಬರ್ರೋ ಇರುತ್ತದೆ. ಟ್ರಾನ್ಸ್‌ಫರ್ ಅರ್ಜಿಯ ಒಟಿಪಿ ಆ ನಂಬರಿಗೇ ಹೋಗುವುದು. ಅದನ್ನು ಸರಿಮಾಡಿಸದೆ ಮಾರಾಟಕ್ಕೆ ಇಳಿಯಬಾರದು.

ಸಾಲದ ವಿಷಯವೂ ಹಾಗೆಯೇ. ಕಂತು ಮುಗಿದು ಎಷ್ಟೋ ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಕೂತಿರುತ್ತದೆ. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆಯಿಲ್ಲ ಎಂಬ ಪತ್ರ) ಮತ್ತು ಬ್ಯಾಂಕಿನ ಸಹಿ, ಮೊಹರು ಇರುವ ಫಾರಂ 35 ಹಾಕಿ ಹೈಪೋಥಿಕೇಶನ್, ಅಂದರೆ ಆ ಸಾಲದ ನಮೂದು, ತೆಗೆಸಬೇಕು. “ಎನ್‌ಒಸಿ ಕೊಡಿ, ನಾವೇ ತೆಗೆಸ್ಕೋತೀವಿ” ಅನ್ನುವವರಿಗೆ ಒಪ್ಪಬಾರದು. ಅದು ತೆಗೆಯುವವರೆಗೆ ಟ್ರಾನ್ಸ್‌ಫರ್ ಆಗುವುದಿಲ್ಲ, ಗಾಡಿ ಮಾತ್ರ ಅವರ ಮನೆ ಮುಂದೆ ನಿಂತಿರುತ್ತದೆ. ವ್ಯಾಗನ್ ಆರ್‌ನವರು ಈ ಕೆಲಸ ಮೊದಲೇ ಮುಗಿಸಿಟ್ಟಿದ್ದರು. ಟ್ರಾಫಿಕ್ ದಂಡವನ್ನೂ ಕರ್ನಾಟಕ ಒನ್‌ನಲ್ಲಿ ನೋಡಿ ಕಟ್ಟಿದ್ದರು.

ಮಧ್ಯದವನು ಬಿಟ್ಟುಹೋದ ಮೇಲೆ ನೇರ ಮಾತಾಯಿತು, 2 ಲಕ್ಷ 85 ಸಾವಿರಕ್ಕೆ ಕುದುರಿತು. ಆಗ ಮದ್ದೂರಿನವರ ಜೊತೆ ಬಂದಿದ್ದ ಏಜೆಂಟ್ ತನ್ನ ಪ್ಲಾಸ್ಟಿಕ್ ಕವರಿನಿಂದ ಫಾರಂಗಳ ಕಟ್ಟು ತೆಗೆದ. ಫಾರಂ 29, ಫಾರಂ 30. ಸಹಿ ಹಾಕಬೇಕಾದ ಕಡೆಯೆಲ್ಲ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಗುಣಾಕಾರ ಚಿಹ್ನೆ. ಮಾರುವವರ ಹೆಸರು ತುಂಬಿತ್ತು. ಕೊಳ್ಳುವವರ ಹೆಸರಿನ ಜಾಗ ಖಾಲಿ, ತಾರೀಖು ಖಾಲಿ, ಮೊತ್ತ ಖಾಲಿ. “ಅದೆಲ್ಲ ಆಫೀಸಲ್ಲಿ ಹಾಕ್ಕೋತೀವಿ ಸಾರ್, ನೀವು ಸೈನ್ ಮಾಡಿ ಸಾಕು.”

ಫಾರಂ 29 ಅಂದರೆ ಮಾರುವವರು ಆರ್‌ಟಿಒಗೆ ಕೊಡುವ ಸೂಚನೆ: ಇಂಥ ದಿನ, ಇಂಥವರಿಗೆ, ನನ್ನ ಗಾಡಿ ಮಾರಿದ್ದೇನೆ ಅಂತ. ಫಾರಂ 30 ಇಬ್ಬರೂ ಸಹಿ ಹಾಕುವ ವರ್ಗಾವಣೆ ಅರ್ಜಿ. ಯಾರಿಗೆ, ಯಾವತ್ತು ಎಂಬುದೇ ಇಲ್ಲದ ಸೂಚನೆಗೆ ಸಹಿ ಹಾಕಿದರೆ, ಆ ಗಾಡಿಯನ್ನು ಯಾರು ಬೇಕಾದರೂ ಯಾರಿಗೆ ಬೇಕಾದರೂ ದಾಟಿಸಬಹುದು. ಬ್ರೋಕರ್‌ಗಳು ಖಾಲಿ ಫಾರಂ ಇಷ್ಟಪಡುವುದು ಇದಕ್ಕೇ. ಇಂದು ಕೊಂಡವನು ತನ್ನ ಹೆಸರಿಗೆ ಮಾಡಿಸಿಕೊಳ್ಳದೆ ಮಂಡ್ಯದಲ್ಲಿ ಒಬ್ಬನಿಗೆ ಮಾರುತ್ತಾನೆ, ಅವನು ಅದೇ ಫಾರಂ ಇಟ್ಟುಕೊಂಡು ಇನ್ನೊಬ್ಬನಿಗೆ. ಮಧ್ಯದಲ್ಲಿ ಯಾರ ಹೆಸರೂ ಬರುವುದಿಲ್ಲ, ಯಾರೂ ಫೀಸು ಕಟ್ಟುವುದಿಲ್ಲ. ತಾರೀಖು ಖಾಲಿ ಬಿಡಿಸಿಕೊಳ್ಳುವುದಕ್ಕೂ ಕಾರಣವಿದೆ: ಕೊಂಡವರು 30 ದಿನದೊಳಗೆ ಅರ್ಜಿ ಹಾಕದಿದ್ದರೆ ದಂಡ ಬೀಳುತ್ತದೆ, ಆದ್ದರಿಂದ ಹಾಕುವ ದಿನಕ್ಕೆ ಹತ್ತಿರದ ತಾರೀಖು ಬರೆದುಕೊಳ್ಳುತ್ತಾರೆ. ಅಂದರೆ ದಾಖಲೆಯ ಪ್ರಕಾರ ಆ ತಿಂಗಳುಗಳಲ್ಲೆಲ್ಲ ಕಾರು ನೀವೇ ಇಟ್ಟುಕೊಂಡಿದ್ದಿರಿ!

ಅವತ್ತು ಮಾಡಿದ್ದು ಇಷ್ಟು. ಮದ್ದೂರಿನವರ ಆಧಾರ್ ನೋಡಿಕೊಂಡು ಹೆಸರು, ತಂದೆಯ ಹೆಸರು, ವಿಳಾಸ, ತಾರೀಖು, ಮೊತ್ತ ಎಲ್ಲವನ್ನೂ ಮಾರುವವರೇ ನೀಲಿ ಪೆನ್ನಿನಲ್ಲಿ ತುಂಬಿದರು. ಖಾಲಿ ಉಳಿದ ಗೆರೆಗಳಿಗೆ ಅಡ್ಡಗೆರೆ ಎಳೆದರು. ಆಮೇಲೆ ಸಹಿ. ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಂಡರು. ಏಜೆಂಟ್ ಮುಖ ಗಂಟಿಕ್ಕಿದ, ಪರವಾಗಿಲ್ಲ. ಗುರುತಿಗೆಂದು ಕೊಟ್ಟ ಜೆರಾಕ್ಸ್ ಮೇಲೆ ಅಡ್ಡಲಾಗಿ, ಅಕ್ಷರಗಳಿಗೆ ತಾಗುವ ಹಾಗೆ, “ಈ ನಂಬರಿನ ಕಾರಿನ ಮಾಲೀಕತ್ವ ವರ್ಗಾವಣೆಗೆ ಮಾತ್ರ” ಎಂದು ಬರೆದು ತಾರೀಖು ಹಾಕಿದರು. ಮೂಲೆಯಲ್ಲಿ ಬರೆದರೆ ಪ್ರಯೋಜನವಿಲ್ಲ, ಮಡಚಿ ಮತ್ತೆ ಜೆರಾಕ್ಸ್ ಮಾಡಿದರೆ ಮಾಯ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಸಿಗುತ್ತದೆ, ಅದನ್ನೇ ಕೊಡಿ.

ಕೊಂಡವರು ಮದ್ದೂರಿನವರಾದ್ದರಿಂದ ಅರ್ಜಿ ಹೋಗಬೇಕಾದ್ದು ಮಂಡ್ಯ ಆರ್‌ಟಿಒಗೆ. ರಾಜ್ಯದೊಳಗೇ ಇರುವುದರಿಂದ ನಂಬರು ಕೆಎ 09 ಆಗಿಯೇ ಉಳಿಯುತ್ತದೆ, ಕೆಎ 11 ಆಗುವುದಿಲ್ಲ. ಮಾರಿದವರ ಕಡೆಯ ಸೂಚನೆ 14 ದಿನದೊಳಗೆ ಹೋಗಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್. ಹೊರ ರಾಜ್ಯಕ್ಕೆ ಮಾರಿದರೆ 45 ದಿನ, ಜೊತೆಗೆ ಫಾರಂ 28ರಲ್ಲಿ ಆರ್‌ಟಿಒ ಕೊಡುವ ಎನ್‌ಒಸಿ. ಏಜೆಂಟ್ ಕೈಗೆ ಎಲ್ಲ ಕೊಟ್ಟು ಕಾಯುವ ಬದಲು ಫಾರಂ 29ರ ಇನ್ನೊಂದು ಪ್ರತಿಯನ್ನು ಮಾರುವವರೇ ನೇರವಾಗಿ ಕೊಟ್ಟು ಸೀಲು ಹಾಕಿಸಿಕೊಳ್ಳುವುದು, ಇಲ್ಲವೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳುವುದು ಒಳ್ಳೆಯದು.

ಡೀಲರ್‌ಗೆ ಮಾರುವವರಿಗೆ ಬೇರೆ ದಾರಿಯಿದೆ. 2023ರ ಏಪ್ರಿಲ್‌ನಿಂದ ಆರ್‌ಟಿಒ ಅಧಿಕೃತಗೊಳಿಸಿದ ಹಳೇ ಕಾರಿನ ಡೀಲರ್‌ಗೆ ಫಾರಂ 29ಸಿ ಮೂಲಕ ಗಾಡಿ ಒಪ್ಪಿಸಿದರೆ, ಅಲ್ಲಿಂದಾಚೆಗೆ ಜವಾಬ್ದಾರಿ ಡೀಲರ್‌ನದೇ. ಅಧಿಕಾರ ಪತ್ರ ತೋರಿಸಿ ಅಂತ ಕೇಳಿ. ಬೋರ್ಡು ಹಾಕಿಕೊಂಡವರೆಲ್ಲ ಅಧಿಕೃತರಲ್ಲ.

ಹಣದ ಮಾತಿಗೆ ಬಂದರೆ, ಸ್ಕ್ರೀನ್‌ಶಾಟ್ ದುಡ್ಡಲ್ಲ, ಎಸ್‌ಎಂಎಸ್ಸೂ ದುಡ್ಡಲ್ಲ. ನಮ್ಮ ಬ್ಯಾಂಕಿನ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಬೇಕು. ಆರ್‌ಟಿಜಿಎಸ್ ಈಗ 24 ಗಂಟೆಯೂ, ಭಾನುವಾರವೂ ನಡೆಯುತ್ತದೆ, 2 ಲಕ್ಷದಿಂದ ಮೇಲಿನ ಮೊತ್ತಕ್ಕೆ ಅದೇ ಸರಿ. ಆದ್ದರಿಂದ “ಇವತ್ತು ರಜೆ, ನಾಳೆ ಬರುತ್ತೆ, ಗಾಡಿ ಕೊಟ್ಟಿರಿ” ಎಂಬ ಮಾತಿಗೆ ಬೆಲೆಯಿಲ್ಲ. ಡಿಡಿ ತಂದರೆ ಅದನ್ನು ಕೊಟ್ಟ ಶಾಖೆಗೇ ಹೋಗಿ ವಿಚಾರಿಸಬೇಕು; ಶನಿವಾರ ಸಂಜೆ ಡಿಡಿ ತರುವವರ ಮೇಲೆ ಸ್ವಲ್ಪ ಕಣ್ಣಿರಲಿ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಆದಾಯ ತೆರಿಗೆ ಕಾನೂನಿನಲ್ಲಿ ಪಡೆದವರಿಗೇ ಅಷ್ಟೂ ಮೊತ್ತದ ದಂಡ. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಬೇಕಾಗಿಲ್ಲ. ಕ್ಯೂಆರ್ ಕಳಿಸಿ “ಸ್ಕ್ಯಾನ್ ಮಾಡಿ, ಅಡ್ವಾನ್ಸ್ ಬರುತ್ತೆ” ಅಂದರೆ ಅದು ಕೊಡುವ ಕ್ಯೂಆರ್ ಅಲ್ಲ, ಎಳೆದುಕೊಳ್ಳುವುದು.

ಹಣ ಖಾತೆಗೆ ಬಿದ್ದ ಮೇಲೆ ಡೆಲಿವರಿ ನೋಟ್, ಅಂದರೆ ಗಾಡಿ ಒಪ್ಪಿಸಿದ್ದಕ್ಕೆ ಬರಹ. ಇದಕ್ಕೆ ಅಂಗಡಿಯ ಅಚ್ಚಾದ ಹಾಳೆಯೇ ಬೇಕೆಂದಿಲ್ಲ. ಎರಡು ಪ್ರತಿ ಬರೆದು ಇಬ್ಬರೂ, ಇಬ್ಬರು ಸಾಕ್ಷಿಗಳೂ ಸಹಿ ಹಾಕಬೇಕು. ನೋಂದಣಿ ಸಂಖ್ಯೆ, ಚಾಸಿ ಮತ್ತು ಎಂಜಿನ್ ನಂಬರು, ಓಡೋಮೀಟರಿನ ಅಂಕಿ, ಹಣ ಬಂದ ಯುಟಿಆರ್ ಸಂಖ್ಯೆ (ಬ್ಯಾಂಕು ಆ ವರ್ಗಾವಣೆಗೆ ಕೊಡುವ ಗುರುತು), ಕೊಟ್ಟ ಕೀಗಳು ಎಷ್ಟು, ಯಾವ ಯಾವ ಮೂಲ ದಾಖಲೆ ಕೊಟ್ಟಿದೆ, ಎಲ್ಲವೂ ಬೇಕು. ಜೊತೆಗೆ ಗಂಟೆ. ಆ ವ್ಯಾಗನ್ ಆರ್‌ನ ನೋಟಿನಲ್ಲಿ “ಮಧ್ಯಾಹ್ನ 1 ಗಂಟೆ 20 ನಿಮಿಷ” ಅಂತ ಬರೆಯುವಾಗ ಏಜೆಂಟ್ ನಕ್ಕ. ಆದರೆ ಮದ್ದೂರಿಗೆ ಹೋಗುವ ದಾರಿ ಮೈಸೂರು-ಬೆಂಗಳೂರು ಹೆದ್ದಾರಿ. ಅಲ್ಲಿ ಕ್ಯಾಮೆರಾಗಳಿವೆ, ವೇಗದ ಮಿತಿ 100. ಎರಡು ಗಂಟೆಗೆ ಮಿತಿ ಮೀರಿದರೆ ನೋಟಿಸು ಬರುವುದು ಕುವೆಂಪುನಗರದ ವಿಳಾಸಕ್ಕೆ. ಅದೇ ದಿನದ ತಾರೀಖು ಮಾತ್ರ ಇದ್ದರೆ ಓಡಿಸಿದ್ದು ಯಾರು ಅಂತ ವಾದ ಮಾಡುತ್ತ ಕೂರಬೇಕು.

ದಂಡವಾದರೆ ಸಾವಿರದ ಮಾತು. ಅಪಘಾತವಾದರೆ ಕಥೆ ಬೇರೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣ ತೀರ್ಮಾನಿಸಿತು. ಕಾರು 2007ರಲ್ಲೇ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ, 2009ರಲ್ಲಿ ಅಪಘಾತ ಮಾಡಿತ್ತು, ವಿಮೆ ಇರಲಿಲ್ಲ. ಆರ್‌ಟಿಒ ದಾಖಲೆಯಲ್ಲಿ ಹೆಸರು ಮೊದಲಿನವರದೇ ಇತ್ತು. ಕಾಯ್ದೆಯ ಪ್ರಕಾರ ಮಾಲೀಕ ಅಂದರೆ ನೋಂದಣಿಯಲ್ಲಿ ಹೆಸರಿರುವವನೇ, ಪರಿಹಾರ ಅವನೇ ಕೊಡಬೇಕು ಎಂದಿತು ಕೋರ್ಟು. ಡೆಲಿವರಿ ನೋಟ್ ಪೊಲೀಸರಿಗೆ ವಿವರಿಸಲು ಸಹಾಯಕ್ಕೆ ಬರುತ್ತದೆಯೇ ಹೊರತು ಹೆಸರು ಬದಲಾಯಿಸುವುದಿಲ್ಲ. ಸಾಧ್ಯವಿದ್ದರೆ ಕಾರು ಕೊಡುವ ಮೊದಲೇ ಇಬ್ಬರೂ ಕೂತು ಪರಿವಾಹನ್‌ನಲ್ಲಿ ಅರ್ಜಿ ಹಾಕಿ, ಒಟಿಪಿ ಕೊಟ್ಟು, ಅರ್ಜಿ ಸಂಖ್ಯೆ ಬರೆದುಕೊಂಡೇ ಏಳುವುದು ಲೇಸು. ಅವತ್ತು ಹಾಗೆಯೇ ಆಯಿತು. ಜೊತೆಗೆ, ಹೆಸರು ಬದಲಾಗುವವರೆಗೆ 10 ಸಾವಿರ ರೂಪಾಯಿ ಹೆಚ್ಚುವರಿ ಠೇವಣಿ ಮಾರಿದವರ ಬಳಿಯೇ ಇರಲಿ ಅಂತಲೂ ಮಾತಾಯಿತು, ಅದನ್ನೂ ನೋಟಿನಲ್ಲಿ ಬರೆದರು. “ಆಗುತ್ತೆ ಸಾರ್” ಎನ್ನುವ ಭರವಸೆಗಿಂತ ಈ ಠೇವಣಿ ಬೇಗ ಕೆಲಸ ಮಾಡಿಸುತ್ತದೆ.

ಕಾರು ಗೇಟು ದಾಟುವ ಮೊದಲು ಗಾಜಿನ ಮೇಲಿನ ಫಾಸ್ಟ್ಯಾಗ್ ಕಿತ್ತು, ಬ್ಯಾಂಕಿಗೆ ಹೇಳಿ ಮುಚ್ಚಿಸಬೇಕು. ಇಲ್ಲದಿದ್ದರೆ ಶ್ರೀರಂಗಪಟ್ಟಣದ ಗಣಂಗೂರು ಟೋಲಿನಲ್ಲಿ ಅವರು ದಾಟಿದಾಗಲೆಲ್ಲ ದುಡ್ಡು ಇವರದು. ವಿಮೆಯನ್ನು ಮಾತ್ರ ಅವಸರದಲ್ಲಿ ರದ್ದು ಮಾಡಬಾರದು. ಹೆಸರು ಬದಲಾಗುವವರೆಗೆ ಥರ್ಡ್ ಪಾರ್ಟಿ ರಕ್ಷಣೆ ಇರಲೇಬೇಕು. ಕೊಂಡವರು 14 ದಿನದೊಳಗೆ ವಿಮೆ ಕಂಪನಿಗೆ ಅರ್ಜಿ ಹಾಕಿ ಪಾಲಿಸಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನೋ ಕ್ಲೇಮ್ ಬೋನಸ್, ಕಾರಿನ ಜೊತೆ ಹೋಗುವುದಿಲ್ಲ, ಅದು ಮಾಲೀಕರದು, ಶೇ 50ರವರೆಗೂ ಇರುತ್ತದೆ. ಎಂ-ಪರಿವಾಹನ್‌ನಲ್ಲಿ ಹೊಸ ಹೆಸರು ಬಂದ ದಿನ ಅದರ ಸ್ಕ್ರೀನ್‌ಶಾಟ್ ತೆಗೆದು, ಡೆಲಿವರಿ ನೋಟಿನ ಪ್ರತಿಯ ಜೊತೆ ವಿಮೆ ಕಂಪನಿಗೆ ಕಳಿಸಿ ಬೋನಸ್ಸಿನ ಪತ್ರ ತರಿಸಿಕೊಂಡರೆ, 3 ವರ್ಷದೊಳಗೆ ತೆಗೆಯುವ ಮುಂದಿನ ಕಾರಿನ ಪ್ರೀಮಿಯಂನಲ್ಲಿ ಅದು ಕಳೆಯುತ್ತದೆ.